ಪದಕದ ಅಂಚಿನ ಹೆಸರು

ಘಟಪ್ರಭಾ ಮತ್ತು ಕೃಷ್ಣಾ ನದಿಗಳ ಆಸುಪಾಸಿನ ಕಬ್ಬು, ಜೋಳದ ಸೀಮೆಯಲ್ಲಿ, ಅಂದರೆ ಮುಧೋಳ, ಜಮಖಂಡಿ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ, ಸೇನೆಯಿಂದ ನಿವೃತ್ತನಾಗಿ ಬಂದ ಯೋಧನನ್ನು ಗೆಳೆಯರೂ ಊರವರೂ ಸನ್ಮಾನಿಸುವ ಪದ್ಧತಿಗೆ ಎರಡು ಮುಖಗಳಿವೆ. ರುಮಾಲು ಸುತ್ತಿ, ಶಾಲು ಹೊದಿಸಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವುದು ಒಂದಾದರೆ, ಅವನ ಪದಕಗಳನ್ನೂ ಸಮವಸ್ತ್ರದ ಭಾವಚಿತ್ರವನ್ನೂ ಪಲ್ಟನ್ನಿನ ಲಾಂಛನವನ್ನೂ ಒಂದೇ ಗಾಜಿನ ಚೌಕಟ್ಟಿನೊಳಗೆ ಜೋಡಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕುವುದು ಇನ್ನೊಂದು. ಮೆರವಣಿಗೆ ಸಂಜೆಗೆ ಮುಗಿಯುತ್ತದೆ, ಚೌಕಟ್ಟು ಮನೆಯಲ್ಲಿ ಉಳಿಯುತ್ತದೆ. ಉಳಿಯಲೆಂದೇ ಮಾಡಿಸಿದ ಈ ವಸ್ತು ಏನನ್ನು ಉಳಿಸುತ್ತದೆ, ಏನನ್ನು ಕೈಬಿಡುತ್ತದೆ ಎಂಬ ಪ್ರಶ್ನೆಯನ್ನು ಈ ನಾಡಿನ ವೀರಸ್ಮಾರಕಗಳ ಇತಿಹಾಸವನ್ನು ಮುಂದಿಟ್ಟುಕೊಂಡು ಕೇಳಬೇಕಾಗಿದೆ.

ಆ ಇತಿಹಾಸದ ಮೊದಲ ಅಧ್ಯಾಯವೆಂದರೆ ವೀರಗಲ್ಲು. ಹೋರಾಡಿ ಮಡಿದವನ ನೆನಪಿಗಾಗಿ ನಿಲ್ಲಿಸಿದ ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿದ್ದು, ಕೆಳಗಿನದರಲ್ಲಿ ಕಾಳಗವೂ ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯವೂ ಮೇಲಿನದರಲ್ಲಿ ಅವನು ಶಿವಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿರುವ ಚಿತ್ರವೂ ಕಾಣುತ್ತವೆ. ತುರುಗೊಳ್, ಅಂದರೆ ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋಗುವುದನ್ನು ತಡೆಯುವಾಗ, ಊರಳಿವು, ಅಂದರೆ ಊರೇ ದಾಳಿಗೊಳಗಾದಾಗ, ಮತ್ತು ಪೆಣ್ಬುಯ್ಯಲ್, ಅಂದರೆ ಹೆಣ್ಣುಮಕ್ಕಳ ಮಾನಕ್ಕೆ ಕುತ್ತು ಬಂದು ಮೊರೆಯೆದ್ದಾಗ ಪ್ರಾಣಕೊಟ್ಟವರೇ ಈ ಕಲ್ಲುಗಳಲ್ಲಿ ಹೆಚ್ಚಾಗಿ ಇದ್ದಾರೆ. ಎಂ. ಚಿದಾನಂದಮೂರ್ತಿ ಮತ್ತು ಆರ್. ಶೇಷಶಾಸ್ತ್ರಿ ಅವರಂಥ ವಿದ್ವಾಂಸರ ಅಧ್ಯಯನಗಳಿಂದ ಸ್ಪಷ್ಟವಾಗುವಂತೆ, ವೀರಗಲ್ಲು ಬರಿಯ ಶಿಲ್ಪವಾಗಿರಲಿಲ್ಲ, ಅದರ ಹಿಂದೆ ಒಂದು ಋಣಸಂದಾಯದ ವ್ಯವಸ್ಥೆ ಇತ್ತು. ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದೂ, ಕತ್ತಿಯನ್ನು ತೊಳೆದು ಗೌರವಿಸುವ ವಿಧಿಯೊಡನೆ ಕೊಡುತ್ತಿದ್ದ ದತ್ತಿಗೆ ಬಾಳ್ಗಳ್ಚು ಎಂದೂ, ಕಲ್ಲಿನೊಂದಿಗೆ ಬಂದ ಭೂಮಿಗೆ ಕಲ್ನಾಡು ಎಂದೂ ಹೆಸರಿತ್ತು. ಒಡೆಯನ ಅನ್ನ ಉಂಡದ್ದಕ್ಕೆ ಪ್ರಾಣವನ್ನೇ ಒತ್ತೆಯಿಡುವ ನಿಷ್ಠೆಯನ್ನು ಹಳಗನ್ನಡವು ಜೋಳವಾಳಿ ಎಂದು ಕರೆದದ್ದು, ಜೋಳದ ರೊಟ್ಟಿಯೇ ಇಂದಿಗೂ ನಿತ್ಯದ ಊಟವಾಗಿರುವ ಈ ಸೀಮೆಯವರಿಗೆ ವಿವರಣೆಯಿಲ್ಲದೆ ತಿಳಿಯುವ ಮಾತು.

ಈ ವ್ಯವಸ್ಥೆಯ ಪೂರ್ಣ ರೂಪವನ್ನು ತೋರಿಸುವ ಶಾಸನ ದೊರೆತದ್ದು ಇಲ್ಲಿಂದ ದೂರದ ಮಂಡ್ಯ ಜಿಲ್ಲೆಯ ಆಟಕೂರಿನಲ್ಲಿ. ರಾಷ್ಟ್ರಕೂಟ ದೊರೆ 3ನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಹೇಳುವ, ಕ್ರಿ.ಶ. 949-50ರ ಈ ಶಾಸನದ ಪ್ರಕಾರ, ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗನು ಬೇಕಾದದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಾಗ, ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಬೇಟೆನಾಯಿಯ ತಳಿಯಿಂದಲೇ ದೇಶದಾದ್ಯಂತ ಹೆಸರಾದ, ಆ ನಾಯಿಯನ್ನು ಸೇನೆಗೂ ಕೊಟ್ಟ ಮುಧೋಳದ ಓದುಗರಿಗೆ ಮಣಲೆರನ ಈ ಆಯ್ಕೆ ವಿಚಿತ್ರವೆನಿಸಲಾರದು. ಆದರೆ ಇಲ್ಲಿ ಹೆಚ್ಚು ಗಮನಿಸಬೇಕಾದದ್ದು ಬೇರೆ: ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ, ಅಂದರೆ ಗುಡಿಯ ಶೈವ ಅರ್ಚಕನಿಗೆ, ಪಾಪ ತಟ್ಟುವುದೆಂದು ಶಾಸನ ವಿಧಿಸುತ್ತದೆ. ಸ್ಮಾರಕವನ್ನು ನಿಲ್ಲಿಸಿದರೆ ಸಾಲದು, ಅದನ್ನು ನೋಡಿಕೊಳ್ಳುವವನೊಬ್ಬನನ್ನು ನೇಮಿಸಬೇಕು, ಅವನ ಅನ್ನಕ್ಕೂ ಆ ಕಲ್ಲಿಗೂ ಗಂಟು ಹಾಕಬೇಕು ಎಂಬ ಎಚ್ಚರ ಆ ಕಾಲದವರಿಗಿತ್ತು.

ವೀರಗಲ್ಲು ಸತ್ತವರಿಗೆ ಮಾತ್ರ ಸಲ್ಲುವಂಥದ್ದು. ಬದುಕಿ ಬಂದವನಿಗೆ ಸಲ್ಲುತ್ತಿದ್ದ ಗೌರವ ಮೈಮೇಲೆ ತೊಡುವ ರೂಪದ್ದು. ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡೇರವೆಂಬ ಬಿರುದಿನ ಆಭರಣ ಅದಕ್ಕೆ ಪ್ರಸಿದ್ಧ ನಿದರ್ಶನ. ಮತ್ತೆ ಮಡಿದವರ ವಿಷಯಕ್ಕೆ ಬಂದರೆ, ಮುಧೋಳದಲ್ಲಿ ಹುಟ್ಟಿದ, ಬಳೆಗಾರರ ಮನೆತನದ ಕವಿ ರನ್ನನೂ ಆಟಕೂರು ಶಾಸನದಂತೆ 10ನೆಯ ಶತಮಾನದವನು. ಅವನ ಗದಾಯುದ್ಧದ ದುರ್ಯೋಧನನು ರಣಭೂಮಿಯಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರಲ್ಲಿ ಒಬ್ಬೊಬ್ಬರ ಶವದ ಮುಂದೆಯೂ ನಿಂತು, ಶತ್ರುಪಕ್ಷದ ಅಭಿಮನ್ಯುವನ್ನೂ ಬಿಡದೆ, ಹೆಸರು ಹಿಡಿದು ಗೌರವಿಸುತ್ತಾನೆ. ಸತ್ತವರನ್ನು ಒಟ್ಟಾಗಿ ಅಲ್ಲ, ಒಬ್ಬೊಬ್ಬರನ್ನಾಗಿ ನೆನೆಯಬೇಕೆಂಬ ಈ ದೃಷ್ಟಿ ವೀರಗಲ್ಲಿನ ದೃಷ್ಟಿಯೇ ಆಗಿದೆ.

ಆಳುವವರೇ ಎದುರಾಳಿಯಾದಾಗ ಕಲ್ಲು ನಿಲ್ಲಿಸುವವರು ಯಾರು ಎಂಬ ಪ್ರಶ್ನೆ 1857ರಲ್ಲಿ ಇದೇ ನೆಲದಲ್ಲಿ ಎದ್ದಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾನೂನನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಮೇಲೆ ದಂಡು ಬಂದು, ಊರಿಗೆ ಬೆಂಕಿ ಬಿದ್ದು, ಆ ವರ್ಷದ ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಅವರಿಗೆ ಆಗ ಸ್ಮಾರಕವಾದದ್ದು ಲಾವಣಿ. ಜಡಗ, ಬಾಲ, ರಾಮ, ಹನುಮರ ಹೆಸರುಗಳನ್ನು ಅದು ಬಾಯಿಂದ ಬಾಯಿಗೆ ದಾಟಿಸಿತು. ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಅದೇ ಬ್ರಿಟಿಷ್ ಆಡಳಿತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್.

ಈ ಭಾಗದ ಯುವಕರು ವೇತನದ ಸೈನಿಕರಾಗಿ ಬ್ರಿಟಿಷ್ ಇಂಡಿಯಾದ ಸೇನೆಯನ್ನು ಸೇರತೊಡಗಿದ ಮೇಲೆ ಗೌರವದ ವಸ್ತುವೇ ಬದಲಾಯಿತು. 1768ರಷ್ಟು ಹಿಂದಕ್ಕೆ ತನ್ನ ಮೂಲವನ್ನು ಗುರುತಿಸುವ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ 1922ರ ಪುನರ್ರಚನೆಯಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡಿತು. ಅದಕ್ಕೂ ಮೊದಲೇ ಮರಾಠಾ ಪಲ್ಟನ್ನುಗಳು ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋಗಿದ್ದವು. ಟೈಗ್ರಿಸ್ ದಂಡೆಯ ಕೂತ್ ಪಟ್ಟಣದಲ್ಲಿ 147 ದಿನಗಳ ಮುತ್ತಿಗೆಯ ಬಳಿಕ 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ ಅವೂ ಇದ್ದವು. ಆ ಯುದ್ಧಕ್ಕಾಗಿ ಕೊಟ್ಟ ಬ್ರಿಟಿಷ್ ಯುದ್ಧ ಪದಕ ಸೈನಿಕರಿಗೆ ಬೆಳ್ಳಿಯದು, ಹೊರೆ ಹೊತ್ತು ಹಾದಿ ಕಡಿದ ಕೂಲಿಪಡೆಗಳಿಗೆ ಕಂಚಿನದು. ಈ ತಾರತಮ್ಯದ ನಡುವೆಯೂ ಎರಡರ ಅಂಚಿನಲ್ಲೂ ಒಂದು ಸಾಲನ್ನು ಒತ್ತಲಾಗಿತ್ತು: ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ನು. ಮಡಿದವರ ಮನೆಗಳಿಗೆ ಕಳಿಸಿದ, 120 ಮಿಲಿಮೀಟರ್ ಅಗಲದ ಕಂಚಿನ ಸ್ಮಾರಕ ಫಲಕದಲ್ಲಿ ಹುದ್ದೆಯನ್ನೂ ಬಿಟ್ಟು ಹೆಸರನ್ನಷ್ಟೇ ಎರಕ ಹೊಯ್ಯಲಾಗಿತ್ತು.

ಈ ಅಂಚಿನ ಸಾಲಿನ ಬೆಲೆ ತಿಳಿಯಬೇಕಾದರೆ ಬಸ್ರಾ ಸ್ಮಾರಕವನ್ನು ನೆನೆಯಬೇಕು. ಮೆಸೊಪೊಟೇಮಿಯಾದಲ್ಲಿ ಮಡಿದು, ಗುರುತಿನ ಸಮಾಧಿಯಿಲ್ಲದವರಿಗಾಗಿ 1929ರಲ್ಲಿ ಅನಾವರಣಗೊಂಡ ಆ ಸ್ಮಾರಕದ ಗೋಡೆಗಳಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರುಗಳಿದ್ದರೂ, ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನು ಮಾತ್ರ ಕೆತ್ತಿ, ಉಳಿದವರನ್ನು ಪಲ್ಟನ್ನಿನ ಕೆಳಗೆ ಬರಿಯ ಲೆಕ್ಕವಾಗಿ ನಮೂದಿಸಲಾಯಿತು. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ಈ ಅನ್ಯಾಯವನ್ನು ಒಪ್ಪಿಕೊಂಡದ್ದು 2021ರಲ್ಲಿ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನೂ ಕಲ್ಲಿನಲ್ಲಿ ಬರೆದ ನಾಡಿನ ಮಕ್ಕಳಿಗೆ ದೊರೆತದ್ದು ಈ ಲೆಕ್ಕ. ಹೀಗಿರುವಾಗ, ಮಡಿದವರ ಮನೆಗೆ ಬಂದ ಫಲಕವನ್ನು ಬಿಟ್ಟರೆ, ಎಷ್ಟೋ ಸಿಪಾಯಿಗಳ ಪಾಲಿಗೆ ಲೋಹದಲ್ಲಿ ಹೆಸರು ಉಳಿದ ಸ್ಥಳವೆಂದರೆ ಪದಕದ ಅಂಚು ಒಂದೇ. ಅದೂ ಬೆಳ್ಳಿಯದಾದ್ದರಿಂದ, ಬರಗಾಲದಲ್ಲೋ ಬೆಳ್ಳಿಯ ಬೆಲೆ ಏರಿದಾಗಲೋ ಪತ್ತಾರರ ಮೂಸೆಯಲ್ಲಿ ಕರಗಿಹೋಗುವ ಭಯ ಅದಕ್ಕೆ ಸದಾ ಇತ್ತು.

ಸ್ವಾತಂತ್ರ್ಯಾನಂತರ 1950ರ ಜನವರಿ 26ರಂದು ಪರಮವೀರ, ಮಹಾವೀರ ಮತ್ತು ವೀರಚಕ್ರಗಳು ಸ್ಥಾಪನೆಯಾಗಿ, 1947ರ ಆಗಸ್ಟ್ 15ರಿಂದ ಅನ್ವಯವಾದವು. ಶೌರ್ಯಪದಕಗಳು ಕೆಲವರಿಗಷ್ಟೇ ಸಲ್ಲುವಂಥವು. ಹೆಚ್ಚಿನ ಸೈನಿಕರ ಎದೆಯ ಮೇಲಿರುವುದು ಸೈನ್ಯಸೇವಾ ಪದಕ, 1971ರ ಸಂಗ್ರಾಮ ಪದಕ, ಸಿಯಾಚಿನ್ ಹಿಮನದಿ ಪದಕ, 9 ಅಥವಾ 20 ವರ್ಷಗಳ ದೀರ್ಘಸೇವಾ ಪದಕಗಳಂಥವು, ಅಂದರೆ ಎಲ್ಲಿದ್ದೆ, ಎಷ್ಟು ಕಾಲ ಇದ್ದೆ ಎಂಬುದಕ್ಕೆ ಸಾಕ್ಷಿಯಾದವು. ಅದರಿಂದ ಅವು ಕಡಿಮೆಯಾದವೆಂದು ತಿಳಿಯುವುದು ತಪ್ಪು. ವೀರಗಲ್ಲಿಗೆ ಪಾತ್ರನಾಗದೆ ಬದುಕಿ ಮರಳಿದ ಸಾಮಾನ್ಯ ಸೈನಿಕನ ಸೇವೆಯನ್ನೂ ದಾಖಲಿಸಿದ ಮೊದಲ ವಸ್ತು ಈ ಬಗೆಯ ಪದಕವೇ. 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದವರ ಪಾರ್ಥಿವ ಶರೀರಗಳು ಹುಟ್ಟೂರುಗಳಿಗೆ ಬಂದ ಮೇಲೆ ಇನ್ನೊಂದು ವಸ್ತು ಮನೆಗಳನ್ನು ಸೇರಿತು. ಶವಪೆಟ್ಟಿಗೆಗೆ ಹೊದಿಸಿದ ರಾಷ್ಟ್ರಧ್ವಜವನ್ನು ಸುಡಬಾರದು, ಹೂಳಬಾರದು ಎಂಬುದು ಧ್ವಜಸಂಹಿತೆಯ ನಿಯಮವಾದ್ದರಿಂದ, ಅದನ್ನು ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಅದೂ ಗಾಜಿನ ಕಟ್ಟಿನೊಳಗೆ ಸೇರುತ್ತದೆ.

ಕಟ್ಟು ಹಾಕುವ ಕಸುಬು ಮಾತ್ರ ಸೇನೆಯಿಂದ ಬಂದದ್ದಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದಂಥವು ಅಗ್ಗದ ಬಣ್ಣದ ದೇವರಪಟಗಳನ್ನು ಹರಡಿದ ಮೇಲೆ ಪೇಟೆಪೇಟೆಗಳಲ್ಲಿ ಬೆಳೆದ ಈ ಕಸುಬು ಮೊದಲು ದೇವರಿಗೆ, ಬಳಿಕ ಗತಿಸಿದ ಹಿರಿಯರ ಭಾವಚಿತ್ರಗಳಿಗೆ ಸಂದಿತು. ಗೋಡೆಯ ಮೇಲಿನ ಭಾವಚಿತ್ರಕ್ಕೆ ಹಾರ ಬಿದ್ದರೆ ಆ ವ್ಯಕ್ತಿ ಇಲ್ಲವೆಂದೇ ಅರ್ಥ. ಆದ್ದರಿಂದ ಬದುಕಿರುವ ಯೋಧನಿಗಾಗಿ ಮಾಡಿಸಿದ ಚೌಕಟ್ಟಿಗೆ ಹಾರ ಹಾಕುವುದಿಲ್ಲ. ಸನ್ಮಾನದ ಹಾರ ಅವನ ಕೊರಳಿಗೇ ಬೀಳುತ್ತದೆ. ಗಂಡಪೆಂಡೇರದ ಪರಂಪರೆಯೂ ವೀರಗಲ್ಲಿನ ಪರಂಪರೆಯೂ ಒಂದೇ ಅಂಗಳದಲ್ಲಿ ಸಂಧಿಸುವುದು ಹೀಗೆ.

ಇದೇ ಸೀಮೆಯ ಸಮೀರವಾಡಿಯಂಥ ನೆಲೆಯಲ್ಲಿ ಈ ಪದ್ಧತಿಗೆ ಇನ್ನೊಂದು ಅರ್ಥವೂ ಇದೆ. ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಇಂಥ ವಸತಿಗಳಿಗೆ ತಲೆತಲಾಂತರದ ಅಗಸಿಯಾಗಲಿ, ವೀರಗಲ್ಲು ನಿಂತ ಹಳೆಯ ಗುಡಿಯ ಅಂಗಳವಾಗಲಿ ಇರುವುದಿಲ್ಲ. 2022ಕ್ಕೆ ಮೊದಲು ಭರ್ತಿಯಾದ ಜವಾನನಿಗೆ ಹದಿನೈದು ವರ್ಷಗಳ ಸೇವೆಗೇ ಪಿಂಚಣಿ ದೊರೆಯುವುದರಿಂದ ಅವನು ನಡುವಯಸ್ಸಿಗೆ ಮೊದಲೇ ಮರಳಿ, ಎರಡನೆಯ ಜೀವನೋಪಾಯ ಹುಡುಕುತ್ತ ನೆಲಸುವುದೂ ಹಲವು ವೇಳೆ ಇಂಥ ಕಡೆಯೇ. ಊರು ವಹಿಸುತ್ತಿದ್ದ ಹೊಣೆಯನ್ನು ಇಲ್ಲಿ ಗೆಳೆಯರು ವಹಿಸಬೇಕಾಗುತ್ತದೆ.

ಆ ಹೊಣೆಯನ್ನು ಚೆನ್ನಾಗಿ ನಿರ್ವಹಿಸುವುದಕ್ಕೆ ಕೆಲವು ತಿಳಿವಳಿಕೆಗಳು ಅಗತ್ಯ. ಅತ್ಯುನ್ನತ ಪದಕ ನೋಡುವವರ ಎಡಗಡೆಗೆ ಮೊದಲು ಬರಬೇಕು, ಏಕೆಂದರೆ ಎದೆಯ ಮೇಲೂ ಅದು ನಡುವಿಗೆ ಹತ್ತಿರವಿರುತ್ತದೆ. ರಿಬ್ಬನ್ನಿನ ಬಣ್ಣಗಳೇ ಯುದ್ಧದ ಗುರುತಾದ್ದರಿಂದ ನೇರ ಬಿಸಿಲು ಬೀಳುವ ಗೋಡೆ ಸಲ್ಲದು. ಗಾಜು ಲೋಹಕ್ಕೆ ತಾಗದಂತೆ ಚೌಕಟ್ಟಿಗೆ ಆಳವಿರಬೇಕು. ಹಿಂಬದಿಗೆ ಗೆದ್ದಲು ಹತ್ತುವ ರಟ್ಟಿನ ಬದಲು ಒಳ್ಳೆಯ ಹಲಗೆಯಿಟ್ಟು, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದಂಥ ಹತ್ತಿಯ ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು ಹಾಸಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಪದಕವನ್ನು ಅಂಟಿನಿಂದ ಕೂಡಿಸದೆ ರಿಬ್ಬನ್ನಿನ ಮೂಲಕ ದಾರದಿಂದ ಹೊಲಿಯಬೇಕು. ಅಂಟು ಹಾಕಿದ ಪದಕದ ಅಂಚನ್ನು ಮತ್ತೆ ಯಾರೂ ತಿರುಗಿಸಿ ಓದಲಾರರು. ಅಕ್ಷರವಿಲ್ಲದ ವೀರಗಲ್ಲುಗಳು ನಾಡಿನ ತುಂಬ ನಿಂತಿವೆ. ಕುಂಕುಮ ಹಚ್ಚುವ ಊರವರಿಗೂ ಅದು ಯಾರದೆಂದು ತಿಳಿಯದು. ಬರಹವಿಲ್ಲದ ಚೌಕಟ್ಟಿಗೂ ಎರಡು ತಲೆಮಾರಿನಲ್ಲಿ ಅದೇ ಗತಿಯಾಗುತ್ತದೆ. ಆದ್ದರಿಂದ ಯೋಧನು ಬದುಕಿರುವಾಗಲೇ, ಅವನ ಕೈಬರಹದಲ್ಲೇ, ಅವನ ಸಂಖ್ಯೆ, ಪಲ್ಟನ್ನು, ಸೇವೆಯ ಸ್ಥಳಗಳು, ವರ್ಷಗಳು ಮತ್ತು ಅವನೊಡನೆ ಹೋಗಿ ಮರಳದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ಚೌಕಟ್ಟಿನ ಹಿಂಬದಿಯ ಹಲಗೆಗೆ ಸೇರಿಸಿಡಬೇಕು.