ಬೆರಳುದ್ದದ ಸೈನಿಕರು

ಆಟಿಕೆ ಸೈನಿಕರ ಚರಿತ್ರೆಯಲ್ಲಿ 1893 ಗಮನಾರ್ಹವಾದ ವರ್ಷ. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಹೊರಪದರ ಗಟ್ಟಿಯಾದೊಡನೆ ಉಳಿದುದನ್ನು ಹೊರಚೆಲ್ಲಿ, ಒಳಗೆ ಪೊಳ್ಳಾದ ಬೊಂಬೆಗಳನ್ನು ಎರಕ ಹೊಯ್ಯುವ ಕ್ರಮವನ್ನು ಲಂಡನ್ನಿನ ಬ್ರಿಟನ್ ಮನೆತನದವರು ಆ ವರ್ಷ ಆರಂಭಿಸಿದರು. ಸೀಸ ಉಳಿಯಿತು, ಬೆಲೆ ಇಳಿಯಿತು. 54 ಮಿಲಿಮೀಟರ್ ಎತ್ತರದ ಆ ಸೈನಿಕರ ಅಂಗಿ, ಟೋಪಿ, ಮೀಸೆಗಳಿಗೆ ಒಂದೊಂದಾಗಿ ಕೈಯಿಂದಲೇ ಬಣ್ಣ ತುಂಬಬೇಕಿತ್ತು.

ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಇಂತಹ ಬೊಂಬೆಗಳನ್ನು ನೆಲದ ಮೇಲೆ ಹೂಡಿ, ಮರದ ಗುಂಡು ಹಾರಿಸುವ ಪುಟ್ಟ ಫಿರಂಗಿಯಿಂದ ಕಾದಾಡುವ ಆಟಕ್ಕೆ ನಿಯಮಗಳನ್ನು ರೂಪಿಸಿದರು. 1913ರಲ್ಲಿ ಅವು 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಹೊರಬಂದವು. ಯುದ್ಧವನ್ನು ವೈಭವೀಕರಿಸುವುದು ಅವರ ಉದ್ದೇಶವಾಗಿರಲಿಲ್ಲ. ಆಟದಲ್ಲಿಯೇ ಇಷ್ಟೊಂದು ಎಡವಟ್ಟುಗಳಾದರೆ ನಿಜವಾದ ಮಹಾಯುದ್ಧ ಎಂತಹ ಅವಿವೇಕವಾದೀತೆಂದು ಅವರು ಎಚ್ಚರಿಸಿದ್ದರು. ಮರುವರ್ಷವೇ ಯುರೋಪು ಯುದ್ಧಕ್ಕೆ ಧುಮುಕಿತು. ಎಚ್ಚರಿಸಿದ ವೆಲ್ಸರೇ ಆಗ, ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ನಂಬಿ ಬರೆದರು! 1918ರ ಹೊತ್ತಿಗೆ ಸುಮಾರು 90 ಲಕ್ಷ ಸೈನಿಕರು ಮಡಿದಿದ್ದರು.

ಹವ್ಯಾಸಿಗಳು ಇಂದಿಗೂ ಬೊಂಬೆಯ ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಿ, ತಳಬಣ್ಣ ಬಳಿದು, ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಾರೆ. ಒಂದೊಂದು ಮುಖಕ್ಕೂ ಅಷ್ಟು ತಾಳ್ಮೆ ಬೇಕು. ಆದುದರಿಂದಲೇ ಒಂದು ಬೊಂಬೆಯ ಕೈ ಮುರಿದರೂ ಬಣ್ಣ ಹಚ್ಚಿದವರ ಮನಸ್ಸು ನೋಯುತ್ತದೆ. ಲಕ್ಷಾಂತರ ಮಕ್ಕಳನ್ನು ರಣರಂಗಕ್ಕೆ ಅಟ್ಟಿದವರಿಗೆ ಆ ನೋವು ಏಕೆ ತಟ್ಟಲಿಲ್ಲ?

ಹೆತ್ತವರೇ, ಮಕ್ಕಳ ಕೈಗೆ ಆಟಿಕೆ ಸೈನಿಕನನ್ನು ಕೊಡುವಾಗ ಈ ಕಥೆಯನ್ನೂ ಹೇಳೋಣ. ಆಟ ಮುಗಿದೊಡನೆ ಬಿದ್ದ ಬೊಂಬೆಗಳೆಲ್ಲ ಮತ್ತೆ ಪೆಟ್ಟಿಗೆ ಸೇರುತ್ತವೆ. ಯುದ್ಧದಲ್ಲಿ ಬಿದ್ದ ಮಗ ಮನೆ ಸೇರುವುದಿಲ್ಲ.