ಟ್ರೈನಿಂಗ್ ಯಾರಿಗೆ ಬೇಕಿತ್ತು? ಆಸ್ಟ್ರೇಲಿಯಾದ ಅಟ್ಟದಲ್ಲಿ ಸತ್ತ ನಾಲ್ಕು ಹುಡುಗರ ಕಥೆ

ಇವತ್ತು ಒಂದು ಸರ್ಕಾರಿ ನಿಯಮದ ಕಥೆ ಹೇಳ್ತೀನಿ. ಬೋರ್ ಅನ್ಸುತ್ತಾ? ಸ್ವಲ್ಪ ತಾಳಿ. ಈ ನಿಯಮದಲ್ಲಿ ಆದ ಒಂದು ಸಣ್ಣ ಬದಲಾವಣೆಯ ಹಿಂದೆ ನಾಲ್ಕು ಸಾವುಗಳಿವೆ. ಸತ್ತವರಲ್ಲಿ ಅತಿ ದೊಡ್ಡವನಿಗೆ 25 ವರ್ಷ, ಅತಿ ಚಿಕ್ಕವನಿಗೆ 16.

ವರ್ಷ 2009. ಅಮೆರಿಕದಲ್ಲಿ ಬ್ಯಾಂಕ್‌ಗಳು ಮುಳುಗಿ, ಜಗತ್ತಿನ ತುಂಬ ಆರ್ಥಿಕ ಹಿಂಜರಿತದ ಭಯ. ಫೆಬ್ರವರಿ 3ರಂದು ಆಸ್ಟ್ರೇಲಿಯಾ ಪ್ರಧಾನಿ ಕೆವಿನ್ ರಡ್ 4,200 ಕೋಟಿ ಡಾಲರ್‌ಗಳ ಪ್ಯಾಕೇಜ್ ಘೋಷಿಸಿದ್ರು. ಅದರೊಳಗೊಂದು ಯೋಜನೆ: 20 ಲಕ್ಷಕ್ಕೂ ಹೆಚ್ಚು ಮನೆಗಳ ಅಟ್ಟಕ್ಕೆ ಇನ್ಸುಲೇಶನ್ ಹಾಕಿಸೋದು.

ಇನ್ಸುಲೇಶನ್ ಅಂದ್ರೆ ಮನೆಗೆ ಕಂಬಳಿ ಹೊದಿಸಿದ ಹಾಗೆ. ಸೀಲಿಂಗ್ ಮೇಲೆ, ಛಾವಣಿ ಕೆಳಗೆ ಗಾಜಿನ ನಾರಿನ ಹಾಸು ಇಲ್ಲವೇ ಅಲ್ಯೂಮಿನಿಯಂ ಫಾಯಿಲ್ ಹಾಸ್ತಾರೆ. ಚಳಿಗಾಲದಲ್ಲಿ ಬಿಸಿ ಹೊರಗೆ ಹೋಗಲ್ಲ, ಬೇಸಿಗೆಯಲ್ಲಿ ಒಳಗೆ ಬರಲ್ಲ, ಕರೆಂಟ್ ಬಿಲ್ ಇಳಿಯುತ್ತೆ. ಸರ್ಕಾರಕ್ಕೆ ಇದರಲ್ಲಿ ಇನ್ನೊಂದು ಆಕರ್ಷಣೆ ಇತ್ತು. ಹೆಚ್ಚು ಓದದ ಹುಡುಗರಿಗೂ ನಾಳೆಯಿಂದಲೇ ಕೆಲಸ ಕೊಡಬಹುದು. ಮನೆಗೆ 1,600 ಡಾಲರ್‌ವರೆಗೆ ಸರ್ಕಾರದ್ದೇ ದುಡ್ಡು. ಜುಲೈ 1ರಿಂದ ಆ ಹಣ ನೇರವಾಗಿ ಕೆಲಸ ಮಾಡಿದ ಕಂಪನಿಗೇ ಹೋಗುವಂತೆ ಮಾಡಿದ್ರು. ಮನೆ ಮಾಲೀಕ ಜೇಬಿಗೆ ಕೈ ಹಾಕೋದೇ ಬೇಡ. ಪುಕ್ಕಟೆ ಸಿಕ್ಕಾಗ ಕೆಲಸ ಸರಿಯಾಗಿದೆಯಾ ಅಂತ ಅಟ್ಟ ಹತ್ತಿ ನೋಡೋರು ಯಾರು?

ಅದಕ್ಕೂ ಮೊದಲು ಇದೊಂದು ಪುಟ್ಟ ಉದ್ಯಮ. ಹಳೇ ಮನೆಗಳಿಗೆ ಇನ್ಸುಲೇಶನ್ ಹಾಕೋ ಕೆಲಸ ಇಡೀ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಮನೆಯೂ ಆಗ್ತಿರಲಿಲ್ಲ. ಈಗ ಅದರ ಹತ್ತಾರು ಪಟ್ಟು ಆಗಬೇಕು. ಅಷ್ಟು ಕೆಲಸಗಾರರು ಎಲ್ಲಿಂದ ಬರಬೇಕು?

ಮೊದಲ ಯೋಜನೆಯ ಪ್ರಕಾರ ಅಟ್ಟ ಹತ್ತುವ ಪ್ರತಿಯೊಬ್ಬನಿಗೂ ತರಬೇತಿ ಆಗಿರಬೇಕಿತ್ತು. ಆದರೆ ಜುಲೈ 1ರ ಗಡುವು ಹತ್ತಿರ ಬರ್ತಿತ್ತು. ಎಲ್ಲರಿಗೂ ಕಲಿಸ್ತಾ ಕೂತರೆ ಮುಗಿಯಲ್ಲ ಅನ್ನೋ ಒತ್ತಡ. ಕೊನೆಗೆ ನಿಯಮ ಬದಲಾಯ್ತು: ಅರ್ಹತೆ ಸೂಪರ್‌ವೈಸರ್‌ಗೆ ಇದ್ದರೆ ಸಾಕು. ಕೆಳಗಿನ ಹುಡುಗರಿಗೆ ಕಟ್ಟಡ ಕೆಲಸದ ಸಾಮಾನ್ಯ ಸುರಕ್ಷತಾ ಕಾರ್ಡ್ ಒಂದಿದ್ದರೆ ಆಯ್ತು. ಆ ಸೂಪರ್‌ವೈಸರ್ ಕೂಡ ಇನ್ಸುಲೇಶನ್ ಕಲಿತವನೇ ಆಗಬೇಕು ಅಂತಿಲ್ಲ, ಬಡಗಿಯಂಥ ಬೇರೆ ಕಸುಬಿನವನಾದರೂ ನಡೀತಿತ್ತು. ಅವನು ಪ್ರತಿ ಮನೆಯಲ್ಲೂ ಎದುರಿಗೆ ನಿಂತಿರಬೇಕು ಅಂತಲೂ ಇರಲಿಲ್ಲ. ನನ್ನ ಪ್ರಕಾರ ಇಡೀ ಕಥೆಯ ತಿರುವು ಇಲ್ಲೇ ಇದೆ.

ಅಟ್ಟದಲ್ಲಿ ಅಷ್ಟೊಂದು ಕಲಿಯೋಕೆ ಏನಿದೆ ಅನ್ನಬಹುದು. ಹಳೇ ಮನೆಯ ಅಟ್ಟ ಕತ್ತಲು, ಇಕ್ಕಟ್ಟು. ವೈರ್‌ಗಳು ಎಲ್ಲೆಂದರಲ್ಲಿ ಓಡಿರ್ತವೆ. ಫಾಯಿಲ್ ಹಾಳೆಯನ್ನ ಮರಕ್ಕೆ ಲೋಹದ ಸ್ಟೇಪಲ್‌ನಿಂದ ಹೊಡೀತಾ ಹೋಗುವಾಗ, ಒಂದೇ ಒಂದು ಪಿನ್ನು ಕೆಳಗಿನ ವೈರ್‌ಗೆ ಚುಚ್ಚಿಕೊಂಡರೆ ಸಾಕು, ಇಡೀ ಹಾಳೆಗೆ ಕರೆಂಟ್ ಹರಿಯುತ್ತೆ. ಹುಡುಗ ಅದೇ ಹಾಳೆ ಮೇಲೆ ಮೊಣಕಾಲೂರಿ ಕೂತಿರ್ತಾನೆ. ಮೊದಲು ಮೇನ್ ಸ್ವಿಚ್ ಆಫ್ ಮಾಡು, ವೈರ್ ಎಲ್ಲಿದೆ ನೋಡು, ಲೋಹದ ಪಿನ್ನು ಬೇಡ, ಸೆಕೆ ಹೆಚ್ಚಾದರೆ ಕೆಳಗೆ ಇಳಿ. ಒಂದು ದಿನದಲ್ಲಿ ಕಲಿಸಬಹುದಾದ ಮಾತುಗಳು ಇವು. ಫಾಯಿಲ್‌ನ ಅಪಾಯ ಹೊಸದೇನೂ ಅಲ್ಲ. 2007ರಲ್ಲೇ ಪಕ್ಕದ ನ್ಯೂಜಿಲೆಂಡ್‌ನಲ್ಲಿ ಇದೇ ರೀತಿ ಮೂವರು ಸತ್ತಿದ್ದರು.

2009ರ ಅಕ್ಟೋಬರ್ 14. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಫಾಯಿಲ್ ಹಾಕ್ತಿದ್ದ 25ರ ಯುವಕ ಶಾಕ್ ಹೊಡೆದು ಸತ್ತ. ನವೆಂಬರ್ 1ರಿಂದ ಲೋಹದ ಪಿನ್ನುಗಳನ್ನ ನಿಷೇಧಿಸಿದ್ರು. ನವೆಂಬರ್ 18ಕ್ಕೆ ರಾಕ್‌ಹ್ಯಾಂಪ್ಟನ್ ಬಳಿ 16ರ ಹುಡುಗ. ಅವನು ಹಾಸ್ತಿದ್ದದ್ದು ಫಾಯಿಲ್ ಅಲ್ಲ, ಗಾಜಿನ ನಾರು. ಆ ಮನೆಯ ಅಟ್ಟದಲ್ಲಿ ಮೊದಲಿನಿಂದಲೇ ಕರೆಂಟ್ ಸೋರುತ್ತಿತ್ತು. ಅಂದ್ರೆ ಪಿನ್ನು ನಿಷೇಧಿಸಿದ್ದರಿಂದ ಅವನಿಗೆ ಏನೂ ಉಪಯೋಗ ಆಗಲಿಲ್ಲ. ಅಟ್ಟ ಹತ್ತೋ ಮುಂಚೆ ಮೇನ್ ಆಫ್ ಮಾಡೋ ಅಭ್ಯಾಸ ಇದ್ದಿದ್ದರೆ ಉಪಯೋಗ ಆಗ್ತಿತ್ತು. ಅದೇ ವಾರ ಸಿಡ್ನಿಯಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಅಟ್ಟದೊಳಗೆ ದುಡಿದ 19ರ ಹುಡುಗ ಕುಸಿದುಬಿದ್ದ, ಮರುದಿನ ತೀರಿಕೊಂಡ. 2010ರ ಫೆಬ್ರವರಿ 4ಕ್ಕೆ ಕ್ವೀನ್ಸ್‌ಲ್ಯಾಂಡ್‌ನಲ್ಲೇ 22ರ ಯುವಕ, ಮತ್ತೆ ಫಾಯಿಲ್.

ಆಗ ಪರಿಸರ ಮಂತ್ರಿ ಪೀಟರ್ ಗ್ಯಾರೆಟ್. ಹೌದು, ಮಿಡ್‌ನೈಟ್ ಆಯಿಲ್ ಬ್ಯಾಂಡಿನ ಅದೇ ಗಾಯಕ. ಫೆಬ್ರವರಿಯಲ್ಲಿ ಅವರು ಫಾಯಿಲ್ ನಿಲ್ಲಿಸಿದ್ರು, ಕೆಲಸ ಮಾಡೋ ಪ್ರತಿಯೊಬ್ಬನಿಗೂ ತರಬೇತಿ ಕಡ್ಡಾಯ ಅಂದ್ರು. ವರ್ಷದ ಹಿಂದೆ ಕೈಬಿಟ್ಟಿದ್ದ ನಿಯಮ ವಾಪಸ್ ಬಂತು. ಕೆಲವೇ ದಿನಗಳಲ್ಲಿ, ಫೆಬ್ರವರಿ 19ಕ್ಕೆ, ಯೋಜನೆಯನ್ನೇ ಮುಚ್ಚಿದ್ರು. ಅಷ್ಟರಲ್ಲಿ ಸುಮಾರು 11 ಲಕ್ಷ ಮನೆಗಳಿಗೆ ಇನ್ಸುಲೇಶನ್ ಆಗಿತ್ತು. ಈ ಯೋಜನೆಗೆ ಸಂಬಂಧಿಸಿ ಒಟ್ಟು 200ಕ್ಕೂ ಹೆಚ್ಚು ಬೆಂಕಿಯ ಘಟನೆಗಳೂ ವರದಿಯಾದವು.

ಈಗ ಅದೇ ಹೊತ್ತಿನ ಅಮೆರಿಕ ನೋಡಿ. ಬಡವರ ಮನೆಗಳನ್ನ ಚಳಿಗಾಳಿಯಿಂದ ಭದ್ರಪಡಿಸೋ ಸರ್ಕಾರಿ ಯೋಜನೆ ಅಲ್ಲಿ 1976ರಿಂದ ಇದೆ. 2009ರಲ್ಲಿ ಅದಕ್ಕೂ 500 ಕೋಟಿ ಡಾಲರ್ ಸುರಿದ್ರು. ಒಂದು ವರ್ಷ ಕಳೆದರೂ ಶೇ 8ರಷ್ಟು ಹಣವೂ ಬಳಕೆ ಆಗಿರಲಿಲ್ಲ, ಮುಗಿದದ್ದು ಸುಮಾರು 30 ಸಾವಿರ ಮನೆ. ಪತ್ರಿಕೆಗಳು ಚೆನ್ನಾಗಿ ಉಗಿದವು. ತಡಕ್ಕೆ ಮುಖ್ಯ ಕಾರಣ ಕೂಲಿ ದರದ ಕಾನೂನು, ತರಬೇತಿ ಅಲ್ಲ. ಆದರೆ ಆ ದುಡ್ಡಿನಲ್ಲಿ ಒಂದು ಪಾಲು ತರಬೇತಿ ಕೇಂದ್ರಗಳಿಗೂ ಹೋಯ್ತು. ಮುಂದೆ ನಾಲ್ಕು ಬಗೆಯ ಕೆಲಸಕ್ಕೆ ನಾಲ್ಕು ಸರ್ಟಿಫಿಕೇಟ್ ಬಂದವು: ಕೆಲಸ ಮಾಡೋ ಇನ್‌ಸ್ಟಾಲರ್‌ಗೆ, ತಂಡದ ಮುಖ್ಯಸ್ಥನಿಗೆ, ಮೊದಲು ಬಂದು ಮನೆ ಅಳೆಯುವ ಆಡಿಟರ್‌ಗೆ, ಕೊನೆಗೆ ಪರೀಕ್ಷಿಸೋ ಇನ್‌ಸ್ಪೆಕ್ಟರ್‌ಗೆ. ಆಗ ಇನ್‌ಸ್ಪೆಕ್ಟರ್ ಆಗಬೇಕಾದರೆ ಬರೀ ಪೇಪರ್ ಬರೆದರೆ ಸಾಲ್ತಿರಲಿಲ್ಲ, ಮನೆಯಲ್ಲಿ ಕೆಲಸ ಮಾಡಿ ತೋರಿಸಬೇಕಿತ್ತು. ಗಮನಿಸಿ, ಅಲ್ಲಿ ಇನ್‌ಸ್ಟಾಲರ್‌ಗೂ ಅವನದೇ ಸರ್ಟಿಫಿಕೇಟ್ ಇತ್ತು.

ಆಸ್ಟ್ರೇಲಿಯಾದಲ್ಲಿ ಕುಟುಂಬಗಳು ಉತ್ತರಕ್ಕಾಗಿ ವರ್ಷಗಟ್ಟಲೆ ಕಾದವು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಆ ಹುಡುಗರನ್ನ ಕೆಲಸಕ್ಕಿಟ್ಟುಕೊಂಡಿದ್ದ ಕಂಪನಿಗಳಿಗೆ ದಂಡ ಬಿತ್ತು. ಸರ್ಕಾರದ ಪಾತ್ರದ ವಿಚಾರಣೆಗೆ ರಾಯಲ್ ಕಮಿಷನ್ ಬಂದದ್ದು 2013ರ ಕೊನೆಗೆ, ಇಯಾನ್ ಹ್ಯಾಂಗರ್ ನೇತೃತ್ವದಲ್ಲಿ. ರಡ್ ಮತ್ತು ಗ್ಯಾರೆಟ್ ಇಬ್ಬರೂ ಸಾಕ್ಷಿ ಹೇಳಿದ್ರು. ಕೆಲಸದ ಜಾಗದ ಸುರಕ್ಷತೆ ರಾಜ್ಯಗಳ ಮತ್ತು ಮಾಲೀಕರ ಹೊಣೆ ಅಂತ ನಂಬಿ ಕೇಂದ್ರ ಸುಮ್ಮನಿತ್ತು ಅನ್ನೋದು ವಿಚಾರಣೆಯಲ್ಲಿ ಹೊರಬಂತು. 2014ರ ವರದಿ ಅದನ್ನ ಒಪ್ಪಲಿಲ್ಲ. ಅನುಭವ ಇಲ್ಲದವರನ್ನ ಅಟ್ಟಕ್ಕೆ ಹತ್ತಿಸೋ ಯೋಜನೆ ಮಾಡಿದ್ದು ಕೇಂದ್ರ, ಅಪಾಯ ಮೊದಲೇ ಕಾಣ್ತಿತ್ತು, ತರಬೇತಿ ಕೈಬಿಟ್ಟದ್ದೂ ಫಾಯಿಲ್‌ಗೆ ಅವಕಾಶ ಕೊಟ್ಟದ್ದೂ ತಪ್ಪು, ಈ ಸಾವುಗಳನ್ನ ತಪ್ಪಿಸಬಹುದಿತ್ತು ಅಂತ ಹ್ಯಾಂಗರ್ ಬರೆದ್ರು. ಅಷ್ಟು ಹೊತ್ತಿಗೆ ಮೊದಲ ಸಾವಾಗಿ ಐದು ವರ್ಷ ಆಗ್ತಾ ಬಂದಿತ್ತು.