ಜೇಡಿಮಣ್ಣಿಗೆ ಸುಣ್ಣದ ಬಲ

ಕನ್ನಡದ ‘ಸುಣ್ಣ’ವು ಸಂಸ್ಕೃತದ ‘ಚೂರ್ಣ’ ಶಬ್ದದ ತದ್ಭವವೆಂಬುದು ವ್ಯಾಕರಣವನ್ನು ಬಲ್ಲ ವಾಚಕರಿಗೆ ತಿಳಿದುದೇ ಆಗಿದೆ. ಅದಕ್ಕೆ ‘ಸುಧಾ’ ಎಂಬ ಹೆಸರೂ ಉಂಟು. ಅಮೃತಕ್ಕೂ ಗೋಡೆಯ ಲೇಪಕ್ಕೂ ಒಂದೇ ಹೆಸರನ್ನಿಟ್ಟ ಪೂರ್ವಿಕರ ಎಣಿಕೆ ಏನಿದ್ದಿತೋ! ಬಿಳುಪನ್ನು ಮಾತ್ರ ನೋಡಿ ಇಟ್ಟುದಾದರೂ, ಮಣ್ಣಿಗೆ ಆಯುಸ್ಸನ್ನು ಕೊಡುವ ವಸ್ತುವಿಗೆ ಅದು ಒಪ್ಪುವ ಹೆಸರೇ ಸರಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಕಡಲಿಗೆ ಬಹು ದೂರ. ಇಂತಹ ಬಯಲುಸೀಮೆಯಲ್ಲಿ ಸುಣ್ಣವೆಂದರೆ ಸುಣ್ಣಕಲ್ಲಿನ ಹರಳನ್ನು ಆಯ್ದು ಗೂಡಿನಲ್ಲಿ ಸುಟ್ಟುದು. ಕರಾವಳಿಯವರಾದರೋ ಕಲ್ಲಿಗೆ ಬದಲಾಗಿ ಚಿಪ್ಪನ್ನು ಸುಡುವರು. ಕುಮಟೆಯ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇದಕ್ಕಾಗಿಯೇ ಚಿಪ್ಪನ್ನು ಅಗೆದು ತೆಗೆದುದುಂಟು. ಮೂಲದ್ರವ್ಯ ಬೇರೆಯಾದರೂ ಗೂಡಿನಿಂದ ಹೊರಬರುವ ವಸ್ತು ಒಂದೇ. ಶಂಖಭಸ್ಮ, ಶುಕ್ತಿಭಸ್ಮ, ಕೋಳಿಮೊಟ್ಟೆಯ ಸಿಪ್ಪೆಯಿಂದಾಗುವ ಕುಕ್ಕುಟಾಂಡತ್ವಗ್ಭಸ್ಮ, ಇವುಗಳನ್ನು ಪುಟವಿಟ್ಟ ವೈದ್ಯರಿಗೆ ಈ ಬಾಂಧವ್ಯವು ಹೊಸದೇನೂ ಅಲ್ಲ.

ಸುಣ್ಣವು ಜೇಡಿಯೊಡನೆ ಕೂಡಿದಾಗ ಎಂತಹ ಬಲವುಂಟಾಗುವುದೆಂಬುದಕ್ಕೆ ಈ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆರೆತ ನಿದರ್ಶನವೊಂದಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸಿಮೆಂಟಿನಿಂದ ಕಟ್ಟಲಿಲ್ಲ. ಸುರ್ಕಿಯ ಗಾರೆಯಿಂದ ಕಟ್ಟಿದರು. ಸುರ್ಕಿಯೆಂದರೆ ಬೇರೇನೂ ಅಲ್ಲ, ಜೇಡಿಯನ್ನು ಸುಟ್ಟು ಕುಟ್ಟಿದ ಪುಡಿ. ಅದಕ್ಕೆ ಸುಣ್ಣವನ್ನು ಸೇರಿಸಿ ಅರೆದರೆ ನೀರಿನೊಳಗೂ ಗಟ್ಟಿಯಾಗುವ ಗಾರೆಯಾಗುತ್ತದೆ. ಸುಮಾರು 8,600 ಅಡಿ ಉದ್ದದ ಆ ಕಟ್ಟೆಯು ಇಂದಿಗೂ ಕಾವೇರಿಯನ್ನು ತಡೆದು ನಿಂತಿದೆ.

ಇದರ ಮರ್ಮವು ಹೀಗಿದೆ. ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುವುವು, ಒಣಗಿದಾಗ ಕುಗ್ಗಿ ಬಿರಿಯುವುವು. ಸುಣ್ಣದ ಕ್ಯಾಲ್ಸಿಯಂ ಬಂದೊಡನೆ ಕಣಗಳು ಒಂದಕ್ಕೊಂದು ಗುಂಪುಗೂಡುತ್ತವೆ. ಅಂಟುತ್ತಿದ್ದ ಮಣ್ಣು ಉದುರುದುರಾಗುತ್ತದೆ. ಇದು ಕೆಲವು ಗಂಟೆಗಳ ಕೆಲಸ. ಬಳಿಕ ಜೇಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾಗಳು ಸುಣ್ಣದೊಡನೆ ಸೇರಿ ಹೊಸ ಬಂಧವನ್ನು ಹುಟ್ಟಿಸುತ್ತವೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು, ತೇವವೂ ಬೇಕು. ಗಾರೆಯನ್ನು ದಿನಗಟ್ಟಲೆ ನೆನೆಯಿಡುತ್ತಿದ್ದ ಹಳೆಯ ಕೆಲಸದವರ ತಾಳ್ಮೆಯು ಅರ್ಥವಿಲ್ಲದ ಆಚಾರವಾಗಿರಲಿಲ್ಲ.

1974ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ‘ಅಸ್ತ್ರ’ವೆಂಬ ವಿಭಾಗವು ಸ್ಥಾಪಿತವಾದ ಮೇಲೆ, ಮಣ್ಣನ್ನು ಸುಡದೆಯೇ ಅಚ್ಚಿನಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವು ಬಳಕೆಗೆ ಬಂದಿತು. ಮರಳು ಹೆಚ್ಚಾಗಿರುವ ಕೆಂಪುಮಣ್ಣಿಗೆ ಸಿಮೆಂಟು ಸಾಕು; ಜೇಡಿ ಹೆಚ್ಚಾದಲ್ಲಿ ಸುಣ್ಣವೇ ಬೇಕೆಂಬುದು ಅಲ್ಲಿಯೂ ಕಂಡುಬಂದ ಸಂಗತಿ.

ಈಗ ನಾನಾ ದೇಶಗಳಲ್ಲಿ, ತಿಂದು ಬಿಸುಟ ಚಿಪ್ಪುಗಳನ್ನೂ ಮೊಟ್ಟೆಯ ಸಿಪ್ಪೆಗಳನ್ನೂ ಇದೇ ಕಾರ್ಯಕ್ಕೆ ಉಪಯೋಗಿಸುವ ಪರೀಕ್ಷೆಗಳು ನಡೆಯುತ್ತಿವೆ. ಇದನ್ನು ಹೊಸ ಆವಿಷ್ಕಾರವೆಂದು ಸಾರುವವರು ಅಳಿವೆಯ ಸುಣ್ಣದ ಗೂಡುಗಳನ್ನು ನೋಡಿರಲಾರರು. ಆದರೂ ಕಸವನ್ನು ಕಸವೆಂದು ಬಿಡದಿರುವುದು ಮೆಚ್ಚತಕ್ಕುದೇ. ಬರಿದೆ ಪುಡಿಮಾಡಿ ಬೆರೆಸಿದರೆ ಮಾತ್ರ ಹೆಚ್ಚು ಫಲವಿಲ್ಲ. ಚಿಪ್ಪನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಆಗ 100 ತೂಕ ಶುದ್ಧ ಚಿಪ್ಪಿನಲ್ಲಿ 44 ತೂಕ ಇಂಗಾಲಾಮ್ಲವಾಯುವಾಗಿ ಹೋಗಿ, 56 ತೂಕ ಸುಟ್ಟ ಸುಣ್ಣ ಉಳಿಯುತ್ತದೆ. ಆ ವಾಯುವನ್ನೂ ಸೌದೆಯನ್ನೂ ಲೆಕ್ಕಕ್ಕೆ ಹಿಡಿಯದೆ ಲಾಭವನ್ನು ಮಾತ್ರ ಹೇಳುವುದು ನ್ಯಾಯವಲ್ಲ. ಕಡಲ ಚಿಪ್ಪಾದರೆ ಉಪ್ಪನ್ನು ತೊಳೆಯುವ ಕೆಲಸವೂ ಉಂಟು. ಘಟ್ಟ ಹತ್ತಿಸಿ ತರುವ ಬಾಡಿಗೆಯೂ ಉಂಟು. ಈ ಸೀಮೆಗೆ ಖಾನಾವಳಿಗಳ ಮೊಟ್ಟೆಸಿಪ್ಪೆಯೇ ಸಮೀಪದ ಸರಕು.

ಮಣ್ಣನ್ನೂ ಆರಿಸಿಕೊಳ್ಳಬೇಕು. ಕೊಳೆತ ಎಲೆ ಬೇರುಗಳ ಅಂಶವು ಹೆಚ್ಚಾಗಿದ್ದರೆ ಸುಣ್ಣವು ಹಿಡಿಯದು. ಆದುದರಿಂದ ಬೇಸಿಗೆಯಲ್ಲಿ ಕೆರೆಯಿಂದ ಎತ್ತಿದ ಕಪ್ಪು ಗೋಡು ಗೋಡೆಗೆ ಬಾರದು. ಅದನ್ನು ರೈತರು ಎಂದಿನಂತೆ ಹೊಲಕ್ಕೇ ಹೊಡೆಯಲಿ. ಅದರ ಅಡಿಯಲ್ಲಿ ಸಿಕ್ಕುವ ಶುದ್ಧವಾದ ಜೇಡಿಯೇ ಸುಣ್ಣಕ್ಕೆ ಒಗ್ಗುವ ಮಣ್ಣು.